ಕದಂಬದ ಬಾಗಿಲಲ್ಲಿ ತಾಳಗುಂದದ ಕಡೆಯವನ ಒಂದು ಅರಿಕೆ

ಇವರಿಗೆ,
ಫ್ಲ್ಯಾಗ್ ಆಫೀಸರ್ ಕಮಾಂಡಿಂಗ್,
ಕರ್ನಾಟಕ ನೌಕಾ ವಲಯ, ಕಾರವಾರ.

ಪ್ರತಿ: ರಕ್ಷಣಾ ಸಚಿವಾಲಯ, ನವದೆಹಲಿ, ಶಾಲಾ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ.

ವಿಷಯ: ಐಎನ್‌ಎಸ್ ಕದಂಬ ನೌಕಾನೆಲೆಗೆ ಸಾರ್ವಜನಿಕರ ಪ್ರವೇಶದ ನಿಯಮಗಳನ್ನು ಬರೆದು, ಕನ್ನಡದಲ್ಲಿ ಪ್ರಕಟಿಸುವ ಕುರಿತು.

ಮಾನ್ಯರೇ,

ಶಿಕಾರಿಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು ನಾನು. ಘಟ್ಟದ ಮೇಲಿನವನಿಗೆ ಸಮುದ್ರದ ಉಸಾಬರಿ ಏಕೆ ಎಂದು ತಾವು ಕೇಳಬಹುದು; ನಮ್ಮ ಊರಿನಲ್ಲೇ ಕೆಲವರು ಕೇಳಿದ್ದಾರೆ. ಅದಕ್ಕೆ ನನ್ನ ಮೊದಲ ಉತ್ತರ, ತಮ್ಮ ನೌಕಾನೆಲೆಯ ಹೆಸರು ನಮ್ಮ ತಾಲ್ಲೂಕಿನಿಂದ ಇಳಿದು ಬಂದದ್ದು ಎಂಬುದು. ಕದಂಬರ ರಾಜಧಾನಿ ಬನವಾಸಿಯಾಗಿದ್ದರೂ, ಆ ವಂಶ ಹೇಗೆ ಹುಟ್ಟಿತು ಎಂಬ ಕಥೆ ಕೆತ್ತಿರುವ ಕಲ್ಲು ಇರುವುದು ಶಿರಾಳಕೊಪ್ಪಕ್ಕೆ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಮುಂದೆ.

ಆ ಕಂಬದ ಶಾಸನವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತಿದ್ದೆ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನ ಹೇಳುವ ಪ್ರಕಾರ, ಮಯೂರಶರ್ಮ ಎಂಬ ಯುವಕ ತನ್ನ ಗುರು ವೀರಶರ್ಮನ ಜೊತೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಹೋದ. ಅಲ್ಲಿ ಪಲ್ಲವರ ಒಬ್ಬ ಅಶ್ವಾರೋಹಿಯೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದು ಪಳಗಿದ್ದ ಕೈ ಖಡ್ಗ ಹಿಡಿಯಿತು. ಓದಲು ಹೋದವನನ್ನು ಕಾವಲಿನವರು ಕೇವಲವಾಗಿ ಕಂಡರೆ ಏನೇನಾಗಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ದಾಖಲೆ ಕನ್ನಡ ನಾಡಿನಲ್ಲಿ ಇದೆಯೋ ಇಲ್ಲವೋ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ಇದನ್ನು ಇಲ್ಲಿ ಬೆದರಿಕೆಯಾಗಿ ಬರೆಯುತ್ತಿಲ್ಲ. ನನ್ನ ಕೈ ಹಿಡಿದದ್ದು ಸೀಮೆಸುಣ್ಣ ಮಾತ್ರ. ಆದರೆ ಈ ಹೆಸರನ್ನು ಆರಿಸಿಕೊಂಡ ಸಂಸ್ಥೆಗೆ ಈ ಕಥೆಯೂ ಸೇರಿದೆ ಎಂದು ನೆನಪಿಸುವುದು ತಪ್ಪಾಗಲಾರದು.

ಎರಡನೆಯ ಉತ್ತರ ಒಂದು ಶಾಲಾ ಪ್ರವಾಸದ್ದು. ನಿವೃತ್ತಿಗೆ ಮುಂಚಿನ ಒಂದು ಡಿಸೆಂಬರಿನಲ್ಲಿ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಒಪ್ಪಂದದ ಬಸ್ಸಿನಲ್ಲಿ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆವು. ಬೆಳಗಿನ ಜಾವ ಮೂರೂವರೆಗೆ ಹೊರಟು, ಬನವಾಸಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಅರ್ಧ ಮಕ್ಕಳ ಕೈಯಲ್ಲಿ ನಿಂಬೆಹಣ್ಣು, ಇನ್ನರ್ಧ ಮಕ್ಕಳ ತಲೆ ಕಿಟಕಿಯ ಹೊರಗೆ. ಅವರಲ್ಲಿ ಹೆಚ್ಚಿನವರು ಸಮುದ್ರವನ್ನು ಅದುವರೆಗೆ ಕಂಡಿರಲಿಲ್ಲ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇರಿಸಿರುವ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ನೋಡಿದೆವು. 2005ರಲ್ಲಿ ಸೇವೆಯಿಂದ ನಿವೃತ್ತಿಯಾದ ಆ ಕ್ಷಿಪಣಿ ದೋಣಿ ಸುಮಾರು 38 ಮೀಟರ್ ಉದ್ದದ್ದು. ನಮ್ಮ ಮಕ್ಕಳು ಅದನ್ನು ಅಳೆದದ್ದು ಹೆಜ್ಜೆಯಲ್ಲಿ. ನಮ್ಮ ಶಾಲೆಯ ಕಟ್ಟಡಕ್ಕಿಂತ ಉದ್ದ, ಆದರೆ ಒಳಗೆ ನಮ್ಮ ಬಿಸಿಯೂಟದ ಅಡುಗೆಮನೆಗಿಂತ ಇಕ್ಕಟ್ಟು ಎಂದು ತೀರ್ಮಾನಿಸಿದರು. ಕಬ್ಬಿಣದ ಕಡಿದಾದ ಏಣಿ ಇಳಿಯುವಾಗ, ತಗ್ಗಾದ ಬಾಗಿಲಿಗೆ ಹಣೆ ತಗುಲಿಸಿಕೊಳ್ಳದವರು ಯಾರೂ ಉಳಿಯಲಿಲ್ಲ, ನನ್ನನ್ನೂ ಸೇರಿಸಿ. ಇಷ್ಟು ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಮನುಷ್ಯರು ಹೇಗೆ ಇರುತ್ತಾರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಗ್ರಹಾಲಯ ನಮ್ಮಂಥವರ ಪಾಲಿಗೆ ದೊಡ್ಡ ಉಪಕಾರ. ಮುಂದೆ 2024ರಲ್ಲಿ ಅದರ ಪಕ್ಕದಲ್ಲೇ ಟುಪೊಲೆವ್ ವಿಮಾನವನ್ನೂ ಜನರ ನೋಟಕ್ಕೆ ತೆರೆದದ್ದನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ವಾಪಸು ಬರುವಾಗ ಬಿಣಗಾ, ಅರ್ಗಾ ದಾಟುತ್ತ ಹೆದ್ದಾರಿಯ ಬಲಬದಿಯಲ್ಲಿ ನೌಕಾನೆಲೆಯ ಗೋಡೆ ಬಹಳ ಹೊತ್ತು ಬಸ್ಸಿನ ಜೊತೆಗೇ ಬಂತು. ಕಿಟಕಿಯ ಬಳಿ ಕುಳಿತಿದ್ದ ಒಬ್ಬ ಹುಡುಗಿ, "ಸಾರ್, ನಾವು ನೋಡಿದ್ದು ರಿಟೈರ್ ಆದ ಹಡಗು. ಕೆಲಸ ಮಾಡೋ ಹಡಗು ಈ ಗೋಡೆ ಆಚೆ ಇರ್ತವಾ?" ಎಂದಳು. ಹೌದು ಎಂದೆ. "ಅದನ್ನ ನೋಡ್ಬೇಕು ಅಂದ್ರೆ ಏನ್ ಮಾಡ್ಬೇಕು?" ಎಂದಳು. ಮೂವತ್ತು ವರ್ಷ ಪೌರನೀತಿ ಕಲಿಸಿದ ನಾನು, ಅಲ್ಲಿ ಯಾರಾದರೂ ಪರಿಚಯದವರು ಬೇಕಮ್ಮ ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ನಾಚಿಕೆಯಾಯಿತು. ಈ ಪತ್ರ ಆ ನಾಚಿಕೆಯಿಂದ ಹುಟ್ಟಿದ್ದು.

ಈ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣ ಇನ್ನೊಂದು ಗೇಟು. ನಮ್ಮದು ಮುಳುಗಡೆಯ ಕುಟುಂಬ. ಯಾವ ಜಲಾಶಯ ಎಂದು ಹೇಳುವುದಿಲ್ಲ. ಮಲೆನಾಡಿನಲ್ಲಿ ಮುಳುಗಡೆಗೇನು ಬರವೇ? ನನ್ನ ತಂದೆಗೆ ಎಪ್ಪತ್ತು ದಾಟಿದ ಮೇಲೆ, ತಾವು ಹುಟ್ಟಿದ ಊರು ಮುಳುಗಿದ ನೀರನ್ನು ಅಣೆಕಟ್ಟಿನ ಮೇಲೆ ನಿಂತು ಒಮ್ಮೆ ನೋಡಬೇಕು ಎಂಬ ಆಸೆ ಹುಟ್ಟಿತು. ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಗೇಟಿನಲ್ಲಿದ್ದ ಕಾವಲುಗಾರ ಕೆಟ್ಟವನೇನಲ್ಲ. ಅಪ್ಪನಿಗೆ ಕೂರಲು ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟ. ಆದರೆ ಅವನು ಕೇಳಿದ ಮೊದಲ ಪ್ರಶ್ನೆ, "ಯಾರ ಕಡೆಯವರು ನೀವು?" ಅಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಲ್ಲೇ ಕೆಳಗೆ ನಮ್ಮ ಮನೆ ಇತ್ತು, ತಮ್ಮಾ" ಎಂದು ನೀರಿನ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಒಂದು ಬಿಳಿಯ ಕಾರು ಬಂತು, ಒಳಗಿದ್ದವರು ಫೋನನ್ನು ಕಾವಲುಗಾರನ ಕೈಗೆ ಕೊಟ್ಟರು, ಅವನು ಎರಡು ಸಲ "ಸರಿ ಸಾರ್" ಎಂದ, ಗೇಟು ತೆರೆಯಿತು, ಕಾರು ಹೋಯಿತು, ಗೇಟು ಮುಚ್ಚಿತು. ಅಪ್ಪ ಅರ್ಧ ಗಂಟೆ ಆ ಸ್ಟೂಲಿನ ಮೇಲೆ ಕುಳಿತಿದ್ದು, ಹೋಗೋಣ ನಡಿ ಎಂದರು. ಪ್ರವೇಶ ನಿಷೇಧ ಎಂಬ ಫಲಕ ಅಲ್ಲಿ ಇತ್ತು. ನಿಷೇಧ ಯಾರಿಗೆ, ಯಾರಿಗಿಲ್ಲ, ಒಳಗೆ ಹೋಗಬೇಕಾದವನು ಯಾವ ಅರ್ಜಿಯನ್ನು ಎಲ್ಲಿ ಕೊಡಬೇಕು ಎಂಬ ಫಲಕ ಇರಲಿಲ್ಲ.

ನನ್ನ ಅರಿಕೆ ಇಷ್ಟೇ. ಬಾಗಿಲು ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಯಾವಾಗ ತೆರೆಯುತ್ತದೆ, ಯಾರಿಗೆ ತೆರೆಯುತ್ತದೆ, ಎಷ್ಟು ಜನಕ್ಕೆ ತೆರೆಯುತ್ತದೆ, ಯಾರಿಗೆ ಎಂದಿಗೂ ತೆರೆಯುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು, ಎಲ್ಲರಿಗೂ ಕಾಣುವಂತೆ, ವರ್ಷದ ಮೊದಲೇ ಪ್ರಕಟಿಸಿ. ಯಾರ ಕಡೆಯವನೂ ಅಲ್ಲದವನಿಗೆ ಹಿಡಿದು ನಡೆಯಲು ಒಂದು ದಾರಿ ಇರಲಿ.

ಭದ್ರತೆಯ ಮಾತನ್ನು ನಾನು ಹಗುರವಾಗಿ ಕಾಣುವವನಲ್ಲ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಸಾವು ಸಮುದ್ರದ ದಾರಿಯಲ್ಲೇ ಬಂದದ್ದು. ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಬಂಧನಗಳನ್ನು ಮಾಡಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 284 ಮೀಟರ್ ಉದ್ದದ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ತನ್ನ ಮನೆಯೆಂದು ಮರಳುವ ಬಂದರಿನಲ್ಲಿ ಯಾರು ಬೇಕಾದರೂ ಮೊಬೈಲ್ ಹಿಡಿದು ಅಡ್ಡಾಡುವಂತಿರಬೇಕು ಎಂದು ಬುದ್ಧಿ ನೆಟ್ಟಗಿರುವ ಯಾರೂ ಹೇಳುವುದಿಲ್ಲ. ಆದರೆ ಭದ್ರತೆಗೆ ಬೇಕಾದದ್ದು ಗುಟ್ಟಾದ ಹಡಗುಗಳು, ಗುಟ್ಟಾದ ಮದ್ದುಗುಂಡಿನ ಉಗ್ರಾಣಗಳು. ಗುಟ್ಟಾದ ಸಂದರ್ಶಕರ ನಿಯಮಗಳಲ್ಲ. ನಿಯಮ ಬರವಣಿಗೆಯಲ್ಲಿ ಇಲ್ಲದ ಕಡೆ ಕಾವಲುಗಾರನ ಕೆಲಸವೂ ಕಷ್ಟ. ಬಂದವನ ಹಿಂದೆ ಯಾರಿದ್ದಾರೆ ಎಂದು ಅವನು ಊಹಿಸಬೇಕಾಗುತ್ತದೆ, ಫೋನಿನಲ್ಲಿ ಬಂದ ದನಿ ಯಾರದ್ದೆಂದು ನಂಬಬೇಕಾಗುತ್ತದೆ. ಹೀಗೆ ಫೋನಿಗೆ ತೆರೆಯುವ ಗೇಟು, ಅರ್ಜಿಗೆ ತೆರೆಯುವ ಗೇಟಿಗಿಂತ ಹೇಗೆ ಹೆಚ್ಚು ಭದ್ರ ಎಂಬುದು ನನ್ನ ಮಟ್ಟಿಗೆ ಬಗೆಹರಿಯದ ಪ್ರಶ್ನೆ.

ಈ ನೆಲೆ ಯಾರ ನೆಲದ ಮೇಲೆ ನಿಂತಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ, ಹಣದ ಅಡಚಣೆಯಿಂದ ವರ್ಷಗಟ್ಟಲೆ ಕುಂಟಿ, 2005ರ ಮೇ 31ರಂದು ಐಎನ್‌ಎಸ್ ಕದಂಬವಾಗಿ ಕಾರ್ಯಾರಂಭ ಮಾಡಿತು. ಕಾರವಾರದಿಂದ ಅಂಕೋಲೆಯ ಕಡೆಗೆ ಚಾಚಿಕೊಂಡ ಕರಾವಳಿಯಲ್ಲಿ 11,000 ಎಕರೆಗೂ ಮಿಕ್ಕಿ ಭೂಮಿ ಇದಕ್ಕಾಗಿ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬಗಳು ಮನೆ, ತೋಟ, ಗದ್ದೆ, ದೋಣಿ ಎಳೆದು ನಿಲ್ಲಿಸುತ್ತಿದ್ದ ದಡ ಎಲ್ಲವನ್ನೂ ಬಿಟ್ಟವು. ಹೆದ್ದಾರಿಯೇ ಜಾಗ ಬಿಟ್ಟು ಗುಡ್ಡದ ಕಡೆ ಸರಿಯಿತು. ಸೀಬರ್ಡ್ ನಿರಾಶ್ರಿತರು ಎಂಬುದು ಇವತ್ತಿಗೂ ಉತ್ತರ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತು. ನಲವತ್ತು ವರ್ಷದ ಹತ್ತಿರ ಬಂದರೂ ಒಂದು ಸಮುದಾಯದ ಹೆಸರಿನಿಂದ ನಿರಾಶ್ರಿತ ಎಂಬ ಪದ ಕಳಚಿಲ್ಲ. ನಮ್ಮ ಕಡೆ 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಎದ್ದು ಬಂದವರ ಮೊಮ್ಮಕ್ಕಳನ್ನು ಇನ್ನೂ ಶರಾವತಿ ಮುಳುಗಡೆಯವರು ಎಂದೇ ಕರೆಯುತ್ತಾರೆ, ಅವರು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಹಾಗಾಗಿ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರಿನ ಜನ ನಮಗೆ ಪರಕೀಯರಲ್ಲ. ಅವರ ಪರಿಹಾರದ ವ್ಯಾಜ್ಯಗಳ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ, ಅದು ಈ ಪತ್ರದ ವಿಷಯವೂ ಅಲ್ಲ. ಆದರೆ ಪ್ರವೇಶದ ನಿಯಮ ಬರೆಯುವ ದಿನ ಬಂದರೆ ಅದರ ಮೊದಲ ಸಾಲಿನಲ್ಲಿ ಇರಬೇಕಾದವರು ನಮ್ಮ ಶಾಲೆಯ ಮಕ್ಕಳಲ್ಲ, ಅವರು. ಬೇಲಿಯ ಒಳಗೆ ಉಳಿದುಹೋದ ದೇವರ ಕಲ್ಲು, ನಾಗನ ಕಟ್ಟೆ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲೆಲ್ಲಿ ಇವೆಯೋ ಅಲ್ಲಿಗೆ ವರ್ಷಕ್ಕೆ ಒಂದು ದಿನ, ಗುರುತಿನ ಚೀಟಿ ತೋರಿಸಿ, ನೌಕಾಪಡೆಯದೇ ವಾಹನದಲ್ಲಿ ಹೋಗಿ ಬರುವ ಅವಕಾಶ ಅವರಿಗೆ ಇರಬೇಕು. ಎಲ್ಲಿಯಾದರೂ ಇದು ಈಗಾಗಲೇ ನಡೆಯುತ್ತಿದ್ದರೆ ಅದಕ್ಕೆ ವಂದನೆಗಳು. ಆದರೆ ಆಗ ಇರುವ ಅಧಿಕಾರಿಯ ಒಳ್ಳೆಯತನವಾಗಿ ನಡೆಯುವುದು ಬೇರೆ, ಮುಂದಿನ ಅಧಿಕಾರಿಯೂ ಪಾಲಿಸಬೇಕಾದ ನಿಯಮವಾಗಿ ನಡೆಯುವುದು ಬೇರೆ.

ಕಾರವಾರದ ಕಡಲಿನಲ್ಲಿರುವ ಅಂಜುದ್ವೀಪದ ವಿಷಯವೂ ಇದೇ. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ, 1961ರ ಡಿಸೆಂಬರ್ 18ರಂದು ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ ಭಾರತೀಯ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟ ಆ ದ್ವೀಪ ಇಂದು ಅಲೆತಡೆಗೋಡೆಯ ಮೂಲಕ ನೆಲೆಯ ಭಾಗವೇ ಆಗಿದೆ. ಅಲ್ಲಿನ ಹಳೆಯ ಚರ್ಚಿನ ಹಬ್ಬಕ್ಕೆ ಗೋವೆಯ ಭಕ್ತರು ದೋಣಿಗಳಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಅದು ಗೋವೆಗೆ ಸೇರಿದ ನೆಲ, ಗೋವೆಯವರು ಕೇಳಿಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ತಮ್ಮದೇ ನಾವಿಕರು ಯಾವ ಜಾಗದಲ್ಲಿ ಸತ್ತರೋ ಆ ಜಾಗವನ್ನು ಹತ್ತನೆಯ ತರಗತಿಯ ಮಗು ನಕ್ಷೆಯಲ್ಲಿ ಚುಕ್ಕೆಯಾಗಿ ಮಾತ್ರ ಕಾಣಬೇಕೆ ಎಂದು ಇತಿಹಾಸದ ಮೇಷ್ಟ್ರು ಕೇಳದೆ ಇನ್ಯಾರು ಕೇಳಬೇಕು?

ಸೇನಾನೆಲೆಯೂ ಸಾರ್ವಜನಿಕರ ದಾರಿಯೂ ಒಟ್ಟಿಗೆ ಇರಲು ಸಾಧ್ಯವೇ ಎಂಬ ಅನುಮಾನ ನನಗೂ ಇತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಸೈಕಲ್ ತುಳಿಯುವ ಹುಚ್ಚು. ಅವನು ಒಮ್ಮೆ ಫೋನಿನಲ್ಲಿ, "ಮೇಷ್ಟ್ರೇ, ಇವತ್ತು ಮಿಲಿಟರಿ ಕ್ಯಾಂಪ್ ಒಳಗಿಂದಲೇ ಸೈಕಲ್ ಹೊಡ್ಕೊಂಡು ಬಂದೆ" ಎಂದಾಗ ನಾನು ನಂಬಲಿಲ್ಲ. ಯಾರಾದರೂ ಪರಿಚಯವೇ ಎಂದೆ, ಚಟ ಬಿಡಬೇಕಲ್ಲ. "ಪರಿಚಯ ಏನೂ ಬೇಡ, ಮೊದಲೇ ಹೆಸರು ನೋಂದಾಯಿಸ್ಕೊಂಡ್ರೆ ಆಯ್ತು. ಇಂಥ ದಾರಿ ಬಿಟ್ಟು ಬೇರೆ ಕಡೆ ತಿರುಗೋ ಹಾಗಿಲ್ಲ, ಹೆಲ್ಮೆಟ್ ಇಲ್ದೆ ಬಿಡಲ್ಲ, ಅಷ್ಟೇ" ಎಂದ. ಅದು ಕ್ಯಾಂಪ್ ಪೆಂಡಲ್ಟನ್, ಅಮೆರಿಕದ ಮರೀನ್ ಪಡೆಯ ತರಬೇತಿ ನೆಲೆ. 1942ರಲ್ಲಿ ಸ್ಥಾಪನೆಯಾದದ್ದು, ಸುಮಾರು 1,25,000 ಎಕರೆ ವಿಸ್ತಾರದ್ದು, 27 ಕಿಲೋಮೀಟರಿನಷ್ಟು ಕಡಲತೀರವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿರುವುದು. ಹಡಗಿನಿಂದ ದಡಕ್ಕೆ ಸೈನಿಕರನ್ನು ಇಳಿಸುವ ಅಭ್ಯಾಸ ನಡೆಯುವುದು ಅಲ್ಲಿಯೇ. 1971ರಲ್ಲಿ, ನಿಕ್ಸನ್ ಅಧ್ಯಕ್ಷರಾಗಿದ್ದಾಗ, ಅದರ ಉತ್ತರ ತುದಿಯ ಸ್ಯಾನ್ ಒನೋಫ್ರೆ ತೀರವನ್ನು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಗುತ್ತಿಗೆಯ ಮೇಲೆ ಬಿಟ್ಟುಕೊಟ್ಟರು. ನೆಲ ಇಂದಿಗೂ ಸೇನೆಯದೇ, ಉದ್ಯಾನವಾಗಿ ನಡೆಸುವುದು ರಾಜ್ಯ; ಅಲೆಯ ಮೇಲೆ ಹಲಗೆ ಓಡಿಸುವವರಿಗೆ ಆ ತೀರ ಹೆಸರುವಾಸಿ.

ಈ ಹೋಲಿಕೆಯನ್ನು ನಾನು ಎಳೆದಾಡುವುದಿಲ್ಲ. ಪೆಂಡಲ್ಟನ್ನಿನದು ಬೆಟ್ಟ ಬಯಲುಗಳ ತರಬೇತಿಯ ನೆಲ, ಕಾರವಾರದ್ದು ಕಾಮತ್ ಕೊಲ್ಲಿಯಲ್ಲಿ ಯುದ್ಧನೌಕೆಗಳು ಲಂಗರು ಹಾಕಿ ನಿಲ್ಲುವ ಬಂದರು. ಅಲ್ಲಿ ಬಿಟ್ಟುಕೊಡಲು ಜಾಗವಿದೆ, ಇಲ್ಲಿ ಪ್ರತಿ ಮಾರು ದಡಕ್ಕೂ ಕೆಲಸವಿದೆ. ಅಮೆರಿಕದವರು ಮಾಡಿದ್ದೆಲ್ಲ ಸರಿ ಎನ್ನುವ ಭ್ರಮೆಯೂ ನನಗಿಲ್ಲ. ಕಡಲತೀರ ಬಿಟ್ಟುಕೊಡಿ ಎಂದು ಕೇಳುವುದು ನನ್ನ ಉದ್ದೇಶವೂ ಅಲ್ಲ. ನನಗೆ ಹಿಡಿಸಿದ್ದು ಆ ಹುಡುಗನ ಮಾತಿನಲ್ಲಿದ್ದ ನಿಶ್ಚಿಂತೆ. ಪರದೇಶದಿಂದ ಹೋದ, ಆ ಊರಿನಲ್ಲಿ ಯಾರನ್ನೂ ಅರಿಯದ ಒಬ್ಬ ಸೊರಬದ ಹುಡುಗ, ತಾನು ಏನು ಮಾಡಿದರೆ ಒಳಗೆ ಬಿಡುತ್ತಾರೆ, ಏನು ಮಾಡಿದರೆ ಬಿಡುವುದಿಲ್ಲ ಎಂಬುದನ್ನು ಮನೆಯಲ್ಲಿ ಕುಳಿತು ಓದಿ ತಿಳಿದುಕೊಂಡಿದ್ದ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇನೂ ಬೇಡ. 2005ರ ಮಾಹಿತಿ ಹಕ್ಕು ಅಧಿನಿಯಮದ 8ನೆಯ ಪ್ರಕರಣ ದೇಶದ ಭದ್ರತೆಗೆ ಸಂಬಂಧಿಸಿದ ಮಾಹಿತಿಯನ್ನು ಹೊರಗಿಡುತ್ತದೆ, ಇಡಬೇಕಾದದ್ದೇ. ಆದರೆ ಅದೇ ಅಧಿನಿಯಮದ 4ನೆಯ ಪ್ರಕರಣ, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಕೆಲಸಕ್ಕೆ ಬಳಸುವ ನಿಯಮಗಳನ್ನೂ ನಾಗರಿಕರಿಗೆ ಇರುವ ಸೌಲಭ್ಯಗಳನ್ನೂ ಯಾರೂ ಕೇಳುವ ಮೊದಲೇ ತಾವಾಗಿ ಪ್ರಕಟಿಸಬೇಕು ಎನ್ನುತ್ತದೆ. ಹಡಗು ನಿಲ್ಲುವ ಜಾಗ 8ನೆಯದಕ್ಕೆ ಸೇರಿದರೆ, ಹಡಗು ನೋಡಲು ಬರುವ ಮಕ್ಕಳ ಅರ್ಜಿ ನಮೂನೆ 4ನೆಯದಕ್ಕೆ ಸೇರುತ್ತದೆ ಎಂಬುದು ಕಾನೂನು ಓದದ ನನ್ನ ತಿಳಿವಳಿಕೆ. ತಪ್ಪಿದ್ದರೆ ತಮ್ಮ ಕಾನೂನು ಅಧಿಕಾರಿಗಳು ತಿದ್ದಲಿ.

1971ರ ಡಿಸೆಂಬರ್ 4ರ ಕರಾಚಿ ದಾಳಿಯ ನೆನಪಿಗೆ ಆಚರಿಸುವ ನೌಕಾ ದಿನದ ಆಸುಪಾಸಿನಲ್ಲಿ ಜನರಿಗೂ ಶಾಲಾ ಮಕ್ಕಳಿಗೂ ಹಡಗುಗಳನ್ನು ತೋರಿಸುವ ಒಳ್ಳೆಯ ಸಂಪ್ರದಾಯ ನೌಕಾಪಡೆಯಲ್ಲಿ ಮೊದಲಿನಿಂದ ಇದೆ. ನಾನು ಕೇಳುತ್ತಿರುವುದು ಆ ಸಂಪ್ರದಾಯಕ್ಕೇ ಒಂದು ಸುತ್ತೋಲೆಯ ರೂಪ. ಕಾರವಾರದ ಪೇಟೆಯಲ್ಲಿರುವ ಶಾಲೆಗೆ ಹಿಂದಿನ ದಿನ ಸುದ್ದಿ ತಿಳಿದರೂ ಮಕ್ಕಳು ಸಾಲು ನಿಲ್ಲಬಹುದು. ಘಟ್ಟದ ಮೇಲಿನ ಸರ್ಕಾರಿ ಶಾಲೆ ಒಂದು ಬಸ್ಸು ಹೊರಡಿಸಬೇಕಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಬಿಇಒ ಕಚೇರಿಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಸಾರಿಗೆ ಡಿಪೋದಲ್ಲಿ ಮುಂಗಡ, ಇಷ್ಟೂ ಆಗಬೇಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಮಕ್ಕಳನ್ನು ಕಳುಹಿಸಿ ಎಂದು ಪಾಲಕರನ್ನು ಒಪ್ಪಿಸುವುದು ಇವೆಲ್ಲಕ್ಕಿಂತ ಕಷ್ಟ. ನಮಗೆ ಸುದ್ದಿ ಮುಟ್ಟುವುದು ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂದಾಗ. ದಾರಿಯಲ್ಲಿ ಅದು ಎಲ್ಲಿ ತಡೆಯುತ್ತದೋ, ಯಾರ ಮೇಲೂ ನಾನು ದೂರು ಹೊರಿಸುವುದಿಲ್ಲ. ದಿನಾಂಕವನ್ನು ಎರಡು ಮೂರು ತಿಂಗಳು ಮೊದಲೇ ಗೊತ್ತುಮಾಡಿ, ಶಿವಮೊಗ್ಗ, ಹಾವೇರಿ, ಚಿಕ್ಕಮಗಳೂರಿನಂಥ ಘಟ್ಟದ ಮೇಲಿನ ಜಿಲ್ಲೆಗಳ ಡಿಡಿಪಿಐ ಕಚೇರಿಗಳಿಗೆ ಕಳುಹಿಸಿ, ಸರ್ಕಾರಿ ಶಾಲೆಗಳಿಗೆಂದು ಇಷ್ಟು ಸ್ಥಾನ ಎಂದು ಮೀಸಲಿಟ್ಟು, ಅರ್ಜಿ ಹೆಚ್ಚಾದರೆ ಎಲ್ಲರ ಎದುರಿಗೆ ಚೀಟಿ ಎತ್ತಿ ಆರಿಸಿದರೆ, ಸೋತ ಶಾಲೆಯವರೂ ಬೇಸರಪಡುವುದಿಲ್ಲ. ಮಕ್ಕಳ ಹೆಸರು, ಆಧಾರ್ ಸಂಖ್ಯೆ, ಶಿಕ್ಷಕರ ಜವಾಬ್ದಾರಿಯ ಮುಚ್ಚಳಿಕೆ ಯಾವುದನ್ನು ಕೇಳಿದರೂ ಕೊಡುತ್ತೇವೆ. ಮೊಬೈಲುಗಳನ್ನು ಗೇಟಿನಲ್ಲೇ ಗೋಣಿಚೀಲಕ್ಕೆ ತುಂಬಿಡಿ. ಶಿಕ್ಷಕರಾದ ನಮಗೆ ಅದಕ್ಕಿಂತ ಸಂತೋಷದ ದಿನ ಬೇರೆ ಇಲ್ಲ.

ಒಳಗೆ ಏನನ್ನು ತೋರಿಸಬೇಕೆಂಬುದು ತಮ್ಮ ವಿವೇಚನೆಗೆ ಬಿಟ್ಟದ್ದು. ಕ್ಷಿಪಣಿ ತೋರಿಸಿ ಎಂದು ಮಕ್ಕಳು ಕೇಳಬಹುದು, ನಾನು ಕೇಳುವುದಿಲ್ಲ. ಆದರೆ 10,000 ಟನ್ ತೂಕದ ಹಡಗನ್ನು ನೀರಿನಿಂದ ಹಾಗೆಯೇ ಮೇಲೆತ್ತಿ, ದುರಸ್ತಿಗೆಂದು ದಡದ ಮೇಲೆ ಸಾಗಿಸುವ ಶಿಪ್‌ಲಿಫ್ಟ್ ಅಲ್ಲಿದೆ. ಅದನ್ನು ದೂರದಿಂದ ಕಂಡರೂ ಸಾಕು, ಆರ್ಕಿಮಿಡೀಸನ ತತ್ತ್ವವನ್ನು ಬಕೆಟ್ಟಿನಲ್ಲಿ ಕಲ್ಲು ಮುಳುಗಿಸಿ ಕಲಿತ ನಮ್ಮ ಮಕ್ಕಳಿಗೆ ವಿಜ್ಞಾನದ ಪುಸ್ತಕ ಬೇರೆಯಾಗಿಯೇ ಕಂಡೀತು. ಇದರಲ್ಲಿ ತಮ್ಮ ಲಾಭವೂ ಇದೆ. 2022ರಿಂದ ಅಗ್ನಿವೀರರಾಗಿ ಸೇರುವ ನಾವಿಕರು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಪಡೆಯುತ್ತಾರೆ, ಅಧಿಕಾರಿಗಳಾಗುವವರು ನಮಗೆ ಅಷ್ಟೇನೂ ದೂರವಲ್ಲದ ಕೇರಳದ ಏಳಿಮಲೆಯ ಅಕಾಡೆಮಿಯಲ್ಲಿ. ಈಗ ಹುಡುಗಿಯರಿಗೂ ಈ ದಾರಿ ತೆರೆದಿದೆ. ಮಲೆನಾಡಿನಿಂದ ಭೂಸೇನೆಗೆ ಹೋದವರು ಊರಿಗೊಬ್ಬರು ಸಿಗುತ್ತಾರೆ. ನೌಕಾಪಡೆಗೆ ಹೋದವರನ್ನು ನಾನು ನನ್ನ ಮೂವತ್ತು ವರ್ಷದಲ್ಲಿ ಬೆರಳಿನಲ್ಲಿ ಎಣಿಸಿದ್ದೇನೆ. ಕಾಣದ ಕೆಲಸಕ್ಕೆ ಅರ್ಜಿ ಹಾಕು ಎಂದರೆ ಮಗುವಾದರೂ ಏನೆಂದು ಹಾಕೀತು?

ಭಾಷೆಯ ಬಗ್ಗೆ ಒಂದು ಮಾತು. ಫಲಕವಾಗಲಿ, ಅರ್ಜಿಯಾಗಲಿ, ತೋರಿಸುವವರ ವಿವರಣೆಯಾಗಲಿ ಕನ್ನಡದಲ್ಲಿ ಇರಬೇಕು ಎನ್ನುವುದು ಅಭಿಮಾನದ ಮಾತಾಗಿ ಕೇಳಬಹುದು. ನನಗದು ಬಳಕೆಯ ಮಾತು. ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ನಮ್ಮ ಹಳ್ಳಿಯಲ್ಲಿ ಅದನ್ನು ತುಂಬಿಸಿಕೊಡುವ ಮಧ್ಯವರ್ತಿ ಹುಟ್ಟುತ್ತಾನೆ, ಮತ್ತೆ ಯಾರ ಕಡೆಯವರು ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ನೆಲೆಯಲ್ಲಿ ಕನ್ನಡ ಬಲ್ಲ ನಾವಿಕರು ಇದ್ದೇ ಇರುತ್ತಾರೆ. ಒಬ್ಬ ಹುಬ್ಬಳ್ಳಿಯವನೋ ಕೊಡಗಿನವನೋ ಸಮವಸ್ತ್ರದಲ್ಲಿ ನಿಂತು, "ಬಾ ತಂಗಿ, ಇದು ಲಂಗರು" ಎಂದು ಹೇಳಿದರೆ ಆ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ನೌಕಾಪಡೆ ನಾಗರಿಕರಿಗೆ ಬಾಗಿಲು ತೆರೆದದ್ದನ್ನು ಈ ಜಿಲ್ಲೆಗಳು ಕಂಡಿಲ್ಲವೆಂದಲ್ಲ. 2020ರಲ್ಲಿ ಕೊರೊನಾ ಮೊದಲು ಕಾಲಿಟ್ಟಾಗ, ಹತ್ತಿರ ಬರಲು ಎಲ್ಲರೂ ಹೆದರುತ್ತಿದ್ದ ದಿನಗಳಲ್ಲಿ, ಭಟ್ಕಳದ ಸೋಂಕಿತರಿಗೆ ಚಿಕಿತ್ಸೆ ಕೊಟ್ಟದ್ದು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆ. ಅಂದು ಒಳಗೆ ಹೋದವರನ್ನು ಯಾರ ಕಡೆಯವರು ಎಂದು ಯಾರೂ ಕೇಳಿರಲಾರರು. ಬರೆದ ಕ್ರಮವೊಂದಿತ್ತು, ಅದರಂತೆ ನಡೆಯಿತು.

ಈ ವರ್ಷದ ನೌಕಾ ದಿನಕ್ಕೆ ಇದು ಆಗದಿದ್ದರೆ ಮುಂದಿನ ವರ್ಷಕ್ಕಾದರೂ ಆಗಲಿ. ದಸರಾ ರಜೆಗೆ ಮೊದಲು, ಅಂದರೆ ಸೆಪ್ಟೆಂಬರ್ ಮಧ್ಯದೊಳಗೆ ಸುತ್ತೋಲೆ ಬಿಇಒ ಕಚೇರಿಗೆ ಮುಟ್ಟಿದರೆ ಶೈಕ್ಷಣಿಕ ಪ್ರವಾಸದ ಪಟ್ಟಿಯಲ್ಲಿ ಸೇರಿಸಲು ಶಾಲೆಗಳಿಗೆ ಸಮಯ ಸಿಗುತ್ತದೆ. ಅಕ್ಟೋಬರ್ ಕಳೆದು ಬಂದರೆ ಬಸ್ಸು ಸಿಗುವುದಿಲ್ಲ. ಅರ್ಜಿಯ ಕನ್ನಡ ಕರಡು ಬೇಕಾದಲ್ಲಿ ನಾನೇ ಬರೆದುಕೊಡುತ್ತೇನೆ, ನಿವೃತ್ತನಿಗೆ ಬೇರೆ ಕೆಲಸವೇನಿದೆ. ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ, ಅವಳ ತಮ್ಮ ಅದೇ ಶಾಲೆಯ ಎಂಟನೆಯ ತರಗತಿಗೆ ಬಂದಿದ್ದಾನೆ. ಸುತ್ತೋಲೆ ಬಂದ ದಿನ ಅವನ ಮನೆಗೆ ಹೋಗಿ, ಅಕ್ಕನಿಗೆ ಅಂದು ಕೊಟ್ಟ ಉತ್ತರವನ್ನು ಹಿಂದಕ್ಕೆ ಪಡೆದುಕೊಂಡು ಬರುವವನಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ